ಚಿಗವ್ವನ ಕೊರಳಿನ ಬಿಲ್ಲೆ

ಗಂಡ ತೀರಿಕೊಂಡು ಕೊರಳಿನದನ್ನೆಲ್ಲ ತೆಗೆಸಿದ ದಿನ ಚಿಗವ್ವ ಒಂದು ಬೆಳ್ಳಿ ಬಿಲ್ಲೆಯನ್ನು ಬಾಯಲ್ಲಿ ಇಟ್ಟುಕೊಂಡು ಕೂತಿದ್ದಳು. ಹೆಬ್ಬೆರಳಿನ ಉಗುರಿನಷ್ಟು ಅಗಲದ, ಒಣಗಿದ ಎಲೆಯಷ್ಟು ತೆಳುವಾದ ಬಿಲ್ಲೆ. ಸುತ್ತ ನೆರೆದಿದ್ದ ಹೆಂಗಸರು ಆಕೆ ದುಃಖಕ್ಕೆ ಮಾತು ಬಿಟ್ಟಿದ್ದಾಳೆ ಎಂದುಕೊಂಡರು. ನಾದಿನಿಯಂತೂ, “ಬಾಯಿ ಬಿಟ್ಟು ಅಳು, ಎದಿ ಹಗರ ಆಗತೈತಿ” ಎಂದು ಬೆನ್ನು ಸವರಿದಳಂತೆ. ಬಾಯಿ ಬಿಟ್ಟರೆ ಬಿಲ್ಲೆ ಕೆಳಗೆ ಬೀಳುತ್ತಿತ್ತು. ಇದನ್ನು ನನಗೆ ಹೇಳುವಾಗ ಚಿಗವ್ವ ನಕ್ಕಳು. ನಕ್ಕದ್ದಕ್ಕೆ ನಾಚಿ ಸೆರಗನ್ನು ತುಟಿಗೆ ಒತ್ತಿಕೊಂಡಳು.

ರೋಣದಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಆಕೆಯ ಮನೆ. ಆ ಮನೆಗೆ ಆಕೆ ಎರಡನೆಯ ಹೆಂಡತಿಯಾಗಿ ಬಂದವಳು. ಮೊದಲಿನವಳು ಬಿಟ್ಟುಹೋದ ಮಗ ಆಗಿನ್ನೂ ತೊಟ್ಟಿಲ ಕೂಸು. ಮಾತು ಬಂದಾಗ ಅವನು ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆದ, ಅವನನ್ನು ನೋಡಿ ಓಣಿಯೆಲ್ಲ ಹಾಗೆಯೇ ಕರೆಯಿತು. ಆಕೆಗೆ ಬೇರೆ ಮಕ್ಕಳಾಗಲಿಲ್ಲ. ಈಗ ಆ ಹುಡುಗನಿಗೇ ಹೆಂಡತಿ, ಮಗಳು ಇದ್ದಾರೆ.

ಎರಡನೆಯವಳಾಗಿ ಬಂದವಳು ತೀರಿಹೋದ ಮೊದಲಿನವಳ ಗುರುತಿಗೆ ಒಂದು ಸಣ್ಣ ಬಿಲ್ಲೆ ಮಾಡಿಸಿ, ಅದರ ಮೇಲೆ ಹೆಣ್ಣಿನ ಮುಖ ಎಬ್ಬಿಸಿ, ತಾಳಿಯ ಜೊತೆ ಕಟ್ಟಿಕೊಳ್ಳುವ ರೂಢಿ ನಮ್ಮ ಕಡೆ ಇತ್ತು. ಹೋದವಳಿಗೆ ಸಿಟ್ಟು ಬರಬಾರದು, ಅವಳು ಮನೆಯಲ್ಲಿ ಕಾಡಬಾರದು ಎಂದು ಹಿರಿಯರು ಮಾಡಿಕೊಂಡ ಏರ್ಪಾಡು. ಚಿಗವ್ವನ ಮದುವೆಯ ದಿನವೇ ಅತ್ತೆ ಅದನ್ನು ಅವಳ ಕೊರಳಿಗೆ ಹಾಕಿದ್ದಳು. ಮೊದಲಿನವಳ ಒಂದು ಫೋಟೋ ಕೂಡ ಇರಲಿಲ್ಲ. ಬೆಳ್ಳಿಬಂಗಾರದ ಕೆಲಸದ ಪತ್ತಾರ ಯಾರನ್ನೂ ನೋಡಿ ಮಾಡಿದ ಮುಖವಲ್ಲ ಅದು. ಆದರೂ ಚಿಗವ್ವನಿಗೆ ಅವಳು ಹಾಗೆಯೇ ಇದ್ದಳು.

ನಾನು ನೋಡುವ ಹೊತ್ತಿಗೆ ಆ ಮುಖದಲ್ಲಿ ಕಣ್ಣುಗಳು ಉಳಿದಿರಲಿಲ್ಲ. ಮೂಗಿನ ಜಾಗದಲ್ಲಿ ಒಂದು ಉಬ್ಬು, ಗಲ್ಲದ ಕೆಳಗೆ ಒಂದು ಗೆರೆ, ಅಷ್ಟೆ. ಎದೆಗೆ, ಕುಪ್ಪಸಕ್ಕೆ, ಬೆವರಿಗೆ ತಿಕ್ಕಿ ತಿಕ್ಕಿ ಉಳಿದದ್ದೆಲ್ಲ ಸವೆದುಹೋಗಿತ್ತು. ಅದನ್ನು ಕಣ್ಣಿನಿಂದ ನೋಡುವುದಕ್ಕಿಂತ ಹೆಬ್ಬೆರಳಿನಿಂದ ಸವರಿದರೆ ಮುಖ ಹೆಚ್ಚು ತಿಳಿಯುತ್ತಿತ್ತು.

“ಅಕ್ಕ ಅಂತಿದ್ದೆ ನಾ ಆಕೀಗಿ,” ಎಂದಳು ಚಿಗವ್ವ. “ಸಾರಿಗೆ ಉಪ್ಪು ಹೆಚ್ಚಾದ್ರ ಆಕಿ ಮುಂದ ಹೇಳತಿದ್ದೆ. ಹುಡುಗಗ ಜ್ವರ ಬಂದ್ರ ಆಕಿ ಮುಂದ ಹೇಳತಿದ್ದೆ. ಅವರು ಸಿಟ್ಟಾಗಿ ಊಟ ಬಿಟ್ಟು ಎದ್ರ, ನಿನ್ನ ಗಂಡನ್ನ ನೀನ ನೋಡಿಕೋ ಯಕ್ಕಾ, ನನಗ ಸಾಕಾತು ಅಂತಿದ್ದೆ.”

ಗಂಡ ಹೋದ ಮೇಲೆ ತಾಳಿಯ ದಾರ, ಕರೇಮಣಿ, ಬಳೆಯ ಚೂರುಗಳ ಜೊತೆ ಆ ಬಿಲ್ಲೆಯನ್ನೂ ಹೊಳೆಆಲೂರಿಗೆ ಒಯ್ದು ಮಲಪ್ರಭೆಯಲ್ಲಿ ಬಿಡಬೇಕೆಂದು ಮನೆಯವರು ನಿಶ್ಚಯಿಸಿದ್ದರು. “ಗಂಡನ ಇಲ್ಲಂದ ಮ್ಯಾಲೆ ಸವತಿ ಯಾತಕ್ಕ?” ಎಂದಿದ್ದಳು ನಾದಿನಿ. ಚಿಗವ್ವ ಎದುರಾಡಲಿಲ್ಲ. ಅಡುಗೆಮನೆಗೆ ಹೋಗಿ ದಾರದಿಂದ ಬಿಲ್ಲೆಯನ್ನು ಕಿತ್ತುಕೊಂಡಳು. ಕಿತ್ತಾಗ ಅದರ ಕುಣಿಕೆ ಮುರಿಯಿತು. ಆಮೇಲೆ ಬಿಲ್ಲೆ ಎಲ್ಲಿ ಹೋಯಿತೆಂದು ಹುಡುಕಿದವರು ಎಲ್ಲಿಯೋ ಬಿದ್ದಿರಬೇಕೆಂದು ಸುಮ್ಮನಾದರು.

ಇದೆಲ್ಲ ನನಗೆ ಗೊತ್ತಾಗುವುದಕ್ಕೆ ನನ್ನ ಕೆಲಸವೇ ಕಾರಣ. ಹಳೆಯ ಆಭರಣಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವುದು ನನ್ನ ಕೆಲಸ. ಧಾರವಾಡದಲ್ಲಿ ಇತಿಹಾಸ ಓದಿದೆ. ಓದುತ್ತಿದ್ದಾಗ ಹಳೆಯ ಮಣಿಗಳ ಮೇಲೆ ಮನಸ್ಸು ಹೋಯಿತು, ಓದು ಮುಗಿದ ಮೇಲೆ ಅದೇ ಉಳಿಯಿತು. ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ನನ್ನ ಡಬ್ಬಿಗಳಿವೆ. ಗಜೇಂದ್ರಗಡದ ಸುತ್ತಲಿನ ತಾಂಡಾಗಳ ಲಂಬಾಣಿ ಹೆಂಗಸರು ಮಾರಿದ ಕವಡೆ, ಹಳೆಯ ನಾಣ್ಯಗಳ ಸರ. ಮುಂಡಗೋಡದ ಟಿಬೆಟಿಯನ್ನರಿಂದ ಕೊಂಡ ಹಸಿರುನೀಲಿ ಪಿರೋಜಾ ಕಲ್ಲು, ಎಲುಬಿನ ಮಣಿ. ಯಾವ ಕಾಲದಲ್ಲೋ ಯುರೋಪಿನಿಂದ ಹಡಗಿನಲ್ಲಿ ಬಂದ ನೀಲಿ ಗಾಜು. ಗುಜರಾತಿನ ಜೇನುಬಣ್ಣದ ಅಕೀಕು ಕಲ್ಲು. ಇವನ್ನು ಒಂದರ ಪಕ್ಕ ಒಂದು ಇಟ್ಟು, ದಿನಗಟ್ಟಲೆ ನೋಡಿ, ಒಂದು ಸರ ಮಾಡುತ್ತೇನೆ. ಬೆಂಗಳೂರು, ಪುಣೆಗಳ ಪ್ರದರ್ಶನಗಳಲ್ಲಿ ಅವು ಮಾರಾಟವಾಗುತ್ತವೆ. ಯಾವುದನ್ನೂ ತಿಕ್ಕಿ ಹೊಳಪು ಮಾಡುವುದಿಲ್ಲ. ಸವೆದದ್ದು ಸವೆದ ಹಾಗೆಯೇ ಇರಬೇಕು. ನನ್ನ ಕೆಲಸದಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಅದೊಂದೇ.

ಅವ್ವನಿಗೆ ಇದು ಇವತ್ತಿಗೂ ಒಗ್ಗಿಲ್ಲ. “ಬಂಗಾರ ಮಾಡಿಸಿಕೊಳ್ಳೂ ವಯಸ್ಸಿನಾಗ ಗುಜರಿ ಕೂಡಿಸ್ಕೊಂತ ಕುಂತೀದಿ,” ಎನ್ನುತ್ತಾಳೆ. ಮನೆಗೆ ಬಂದವರೆದುರಿಗೆ ಮಾತ್ರ, “ನಮ್ಮಾಕಿ ಮಾಡಿದ್ದು ಪ್ಯಾಟಿ ಮಂದಿ ಹಾಕ್ಕೊಂತಾರ್ರಿ” ಎಂದು ಹೇಳಿಕೊಳ್ಳುತ್ತಾಳೆ.

ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ, ಅವ್ವ ಬೀಸುವ ಗಿರಣಿಗೆ ಹೋದ ಹೊತ್ತು ನೋಡಿಕೊಂಡು, ಚಿಗವ್ವ ಮಾಳಿಗೆ ಹತ್ತಿ ಬಂದಳು. ಮೆಟ್ಟಿಲು ಹತ್ತಿದ ದಣಿವಿಗೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಬಿಲ್ಲೆಯನ್ನು ನನ್ನ ಅಂಗೈ ಮೇಲಿಟ್ಟಳು.

“ಇದನ್ನ ಕೊರಳಾಗ ಹಾಕ್ಕೊಳ್ಳೂವಂಗ ಕಟ್ಟಿ ಕೊಡತೀ ಏನ್ ಯವ್ವಾ?”

“ಕೊಡತೇನಿ. ಯಾವ ಮಣಿ ಹಾಕಲಿ?”

“ಕರೇಮಣಿ ಬ್ಯಾಡ. ಹವಳ ಬ್ಯಾಡ, ಹಸರ ಬ್ಯಾಡ. ಬಂಗಾರದ್ದೊಂದು ಗುಂಡೂ ಬ್ಯಾಡ. ನೋಡಿದವರಿಗೆ ಏನಂತ ಅನ್ನಾಕೂ ತಿಳೀಬಾರದು, ಹಂಗ ಮಾಡು.”

“ಬಿಲ್ಲಿ ಕಾಣಸತೈತಲ್ಲ ಚಿಗವ್ವ?”

“ಅದು ಕುಪ್ಪಸದ ಒಳಗ. ಎಂದೂ ಹೊರಗ ಇದ್ದಾಕಿ ಅಲ್ಲ ಆಕಿ.” ಸೆರಗಿನ ತುದಿಗೆ ಮತ್ತೆ ಗಂಟು ಹಾಕುತ್ತ ಹೇಳಿದಳು, “ತಾಳಿ ಅವರದು, ಹೋತು. ಇಕಿ ನನ್ನಾಕಿ. ಮಾತಾಡಾಕ ಮನ್ಯಾಗ ಮತ್ಯಾರದಾರ ನನಗ?”

ಇಳಿಯುವ ಮೊದಲು ಮೆಟ್ಟಿಲ ಹತ್ತಿರ ನಿಂತು, “ಇದು ಯಾರದು, ಏನು ಅಂತ ಯಾರ ಮುಂದೂ ಅನಬ್ಯಾಡ. ನಿಮ್ಮವ್ವನ ಮುಂದೂ,” ಎಂದಳು. ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ನನಗೆ ಅದು ಕಷ್ಟದ ಮಾತೇನೂ ಆಗಿರಲಿಲ್ಲ. ಚಿಕ್ಕಂದಿನಿಂದ ನಾನು ಹೆಚ್ಚು ಮಾತಾಡುವವಳಲ್ಲ. ಆಕೆ ನನ್ನಲ್ಲಿಗೆ ಬಂದದ್ದು ಅದಕ್ಕೂ ಇರಬೇಕು.

ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ ಎಂದು ಈಗ ನೆನೆದರೆ ಮನಸ್ಸು ಮುದುಡುತ್ತದೆ. ಮಣಿ ಆರಿಸುವುದು ನನಗೊಂದು ಆಟದಂತೆ ಇತ್ತು. ನಮ್ಮೂರಲ್ಲಿ ಪ್ರತಿ ಮಣಿಗೂ ಒಂದು ಕಟ್ಟಳೆ ಇದೆ. ಕರಿಯದು ಮುತ್ತೈದೆಯದು, ಹಸಿರು ಬಸುರಿ ಬಾಣಂತಿಯರದು, ಹವಳ ಇಂಥವರು ಹಾಕಬೇಕು, ಇಂಥವರು ಹಾಕಬಾರದು. ಆದರೆ ಟಿಬೆಟಿನ ಎಲುಬಿನ ಮಣಿಗೆ ರೋಣದಲ್ಲಿ ಯಾವ ಕಟ್ಟಳೆಯೂ ಇಲ್ಲ. ಹಡಗಿನಲ್ಲಿ ಬಂದ ಗಾಜನ್ನು ವಿಧವೆ ಹಾಕಬಾರದು ಎಂದು ಯಾವ ನಾದಿನಿಯೂ ಹೇಳಲಾರಳು. ಅದುವರೆಗೆ ನಾನು ದೂರದ ವಸ್ತುಗಳನ್ನು ಚೆಲುವಿಗಾಗಿ ಕೂಡಿಸುತ್ತಿದ್ದೆ. ಅವು ದೂರದವು ಎಂಬುದೇ ಒಬ್ಬಳಿಗೆ ಉಪಯೋಗವಾದದ್ದು ಅದೇ ಮೊದಲು.

ಮಂಕಾದ ನೀಲಿ ಗಾಜು, ಹಳದಿಗೆ ತಿರುಗಿದ ಎಲುಬು, ನಡುನಡುವೆ ಜೇನುಬಣ್ಣದ ಅಕೀಕು. ಪೋಣಿಸುವುದಕ್ಕೆ ಗಜೇಂದ್ರಗಡಕ್ಕೆ ಹೋದೆ. ರೇಷ್ಮೆ ದಾರದಲ್ಲಿ ಆಭರಣ ಕಟ್ಟಿಕೊಡುವ ಪಟವೇಗಾರ ಚಾಚಾ ಅಲ್ಲಿ ಬೆಟ್ಟದ ಬುಡದ ಓಣಿಯಲ್ಲಿದ್ದಾರೆ. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕನ್ನಡಕ ಹಣೆಗೇರಿಸಿ, ನನ್ನ ಮಣಿಗಳನ್ನು ನೋಡಿದರು.

“ಇದು ಯಾವ ದೇಶದ ಸರ ಆತು ಬೇಟಿ?”

“ಯಾವ ದೇಶದ್ದೂ ಅಲ್ಲ ಚಾಚಾ.”

“ಚಲೋ ಆತು. ಪಾಸ್‌ಪೋರ್ಟ್ ಕೇಳವರು ಯಾರೂ ಇಲ್ಲ,” ಎಂದು ಪಕ್ಕದ ಅಂಗಡಿಯವನಿಗೂ ಕೇಳುವಂತೆ ಹೇಳಿದರು. ಮಣಿಮಣಿಯ ನಡುವೆ ಗಂಟು ಹಾಕಿ, ಬಿಲ್ಲೆ ತೂಗುಹಾಕುವುದಕ್ಕೆ ಕೆಳಗೆ ಒಂದು ಕುಚ್ಚು ಬಿಟ್ಟು, ಸಂಜೆಯೊಳಗೆ ಕಟ್ಟಿಕೊಟ್ಟರು.

ಉಳಿದದ್ದು ಮುರಿದ ಕುಣಿಕೆ. ಅಷ್ಟು ತೆಳುವಾದ ಹಳೆಯ ಬೆಳ್ಳಿಗೆ ಬೆಸುಗೆ ಹಾಕುವ ಕೈ ನನ್ನದಲ್ಲ. ರೋಣದ ಪತ್ತಾರನ ಅಂಗಡಿಯಲ್ಲಿ ನಾದಿನಿಯ ಮನೆಯವರೆಲ್ಲರ ಆಭರಣಗಳು ಆಗಿವೆ. ಅವನು ಬಿಲ್ಲೆಯನ್ನು ಗುರುತಿಸಿಯಾನು. ಹಾಗಾಗಿ ನರಗುಂದಕ್ಕೆ ಒಯ್ದೆ. ಅಲ್ಲಿನ ಪತ್ತಾರರು ನನಗೆ ಬಹಳ ಸಲ ಇಂಥ ಕೆಲಸ ಮಾಡಿಕೊಟ್ಟವರು, ಉರಿಯನ್ನು ಹದವಾಗಿ ಊದುವವರು.

ಮಹಾನವಮಿ ಹತ್ತಿರ ಬಂದಿತ್ತು. ಹಬ್ಬದಲ್ಲಿ ಘಟ ಕೂಡಿಸುವ ಮೊದಲು ಜನ ದೇವರಮನೆಯ ಜಗಲಿಯ ಮೇಲಿನ ಬೆಳ್ಳಿ ದೇವರುಗಳನ್ನು, ಸವೆದಿದ್ದರೆ, ಪತ್ತಾರರಲ್ಲಿಗೆ ತರುತ್ತಾರೆ. ಅವರ ಮಗ್ಗುಲಲ್ಲಿ ಒಂದು ಹಿತ್ತಾಳೆ ತಟ್ಟೆಯ ತುಂಬ ಅಂಥ ತಗಡುಗಳಿದ್ದವು. ನಾನು ಬಿಲ್ಲೆ ಕೊಟ್ಟು, “ಕುಣಿಕಿ ಅಷ್ಟ ಹಚ್ಚರಿ. ತಿಕ್ಕಬ್ಯಾಡ್ರಿ, ಹೊಳಪು ಬ್ಯಾಡ,” ಎಂದೆ.

“ಗೊತ್ತೈತಿ ಬಿಡ್ರಿ ಅಕ್ಕಾರ. ನಿಮ್ಮ ಸಾಮಾನ ಹೊಳೀತಂದ್ರ ನಿಮ್ಮ ಮಾರಿ ಕಪ್ಪಾಗತೈತಿ,” ಎಂದು ನಕ್ಕರು. ಬೆಳಕಿಗೆ ಹಿಡಿದು, “ಭಾಳ ಸವದೈತಿ. ಯಾರ ಮನೀದ್ರಿ?” ಎಂದು ಕೇಳಿದರು.

“ಗುರ್ತಿನವರದು,” ಎಂದೆ. ಅವರು ಮತ್ತೆ ಕೇಳಲಿಲ್ಲ. ಬಿಲ್ಲೆ ಹಿತ್ತಾಳೆ ತಟ್ಟೆಗೆ ಹೋಯಿತು.

ಮುಂದಿನ ವಾರ ಹೋದಾಗ ಅವರು ಅದನ್ನು ಕೆಂಪು ಕಾಗದದ ಮಡಿಕೆಯಿಂದ ತೆಗೆದು ಎರಡೂ ಕೈಯಿಂದ ಕೊಟ್ಟರು. ಕುಣಿಕೆ ಚೊಕ್ಕವಾಗಿತ್ತು. ಬೆಸುಗೆಯ ಗುರುತೂ ಕಾಣುತ್ತಿರಲಿಲ್ಲ. ಅದರ ಕೆಳಗಿನಿಂದ ಅಗಲವಾದ ಎರಡು ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ತಲೆಯ ಮೇಲೆ ಕಿರೀಟ, ಮೂಗಿನಲ್ಲಿ ನತ್ತು, ತುಂಬಿದ ಗಲ್ಲ, ತುಟಿಯಲ್ಲಿ ನಗು. ನಮ್ಮ ಸೀಮೆಯ ನೂರಾರು ಜಗಲಿಗಳ ಮೇಲೆ ಇರುವ ದೇವಿಯ ಮುಖ.

“ಹೊಳಪು ಕೊಟ್ಟಿಲ್ರಿ, ನೀವು ಹೇಳಿದ್ದು ಮರ್ತಿಲ್ಲ,” ಎಂದರು. ನಿಜ, ಬೆಳ್ಳಿಯ ಹಳೆಯ ಕಪ್ಪನ್ನು ಅವರು ಮತ್ತೆ ಹಾಗೆಯೇ ತಂದಿದ್ದರು. “ಆದ್ರ ದೇವಿಗಿ ಕಣ್ಣ ಇದ್ದಿಲ್ಲ ನೋಡ್ರಿ. ಕಣ್ಣಿಲ್ಲದ ದೇವರು ಕೈಯಾಗ ಬಂದ ಮ್ಯಾಲೆ ಹಂಗ ಹೊಳ್ಳಿ ಕೊಡಾಕ ನಮಗ ಬರೂದಿಲ್ಲ. ನಮ್ಮ ಅಜ್ಜನ ಕಾಲದ ಅಚ್ಚು ಐತಿ. ಕಾಸಿ ಮೆತ್ತಗ ಮಾಡಿ ಅದರಾಗ ಕೂಡಿಸಿ ಎಬ್ಬಿಸೀನಿ. ಹ್ಯಾಂಗ ನಗತಾಳ ನೋಡ್ರಿ.”

ಕುಣಿಕೆಯ ಕೂಲಿ ಮಾತ್ರ ತೆಗೆದುಕೊಂಡರು. ದೇವಿಯ ಕಣ್ಣು ತೆರೆಸಿದ್ದಕ್ಕೆ ತಮ್ಮ ಮನೆತನದಲ್ಲಿ ಯಾರೂ ದುಡ್ಡು ಮುಟ್ಟಿದ್ದಿಲ್ಲ ಎಂದರು. ನಾನು “ಚಲೋ ಆಗೈತ್ರಿ” ಎಂದೆ. ಅದು ಸುಳ್ಳಲ್ಲ. ಕೆಲಸ ಬಹಳ ಚೆನ್ನಾಗಿತ್ತು. ಇದು ದೇವರಲ್ಲ, ಬಾಳಿ ಸತ್ತ ಒಬ್ಬ ಹೆಂಗಸು ಎಂದು ಆಗಲೂ ನನಗೆ ಹೇಳಲಾಗಲಿಲ್ಲ. ಹೇಳಿ ಆಗುವುದೂ ಏನಿರಲಿಲ್ಲ.

ಬಸ್ಸು ಯಾವಗಲ್ಲಿನಲ್ಲಿ ಬಹಳ ಹೊತ್ತು ನಿಂತಿತು. ಮುಂದೆ ಹತ್ತಿಯ ಹೇರಿನ ಟ್ರ್ಯಾಕ್ಟರು ಅಡ್ಡವಾಗಿತ್ತು. ಕೆಂಪು ಕಾಗದವನ್ನು ಮುಷ್ಟಿಯಲ್ಲಿಟ್ಟುಕೊಂಡು ಕೂತಿದ್ದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಹುಡುಕಿದೆ, ಯಾರೂ ಸಿಗಲಿಲ್ಲ. ಪತ್ತಾರರು ತಮ್ಮ ನಂಬಿಕೆಯಂತೆ ನಡೆದಿದ್ದರು. ಚಿಗವ್ವ ತನ್ನ ಗುಟ್ಟು ಕಾಯಲು ಹೇಳಿದ್ದಳು, ನಾನು ಕಾದಿದ್ದೆ. ಎಲ್ಲರೂ ಸರಿಯಾಗಿದ್ದ ಆ ಒಂದು ವಾರದಲ್ಲಿ ಎಂಥದೋ ಒಂದು ಇಲ್ಲವಾಗಿತ್ತು.

ಮನೆಗೆ ಬಂದು ಮಾಳಿಗೆಯಲ್ಲಿ ಬಾಗಿಲು ಹಾಕಿಕೊಂಡು ನುಣುಪಾದ ಉಜ್ಜುಕಾಗದ ತೆಗೆದೆ. ಹೊಸದನ್ನು ಹಳೆಯದಾಗಿ ಕಾಣಿಸುವುದು ಹೇಗೆಂದು ನನಗೆ ಗೊತ್ತು. ಎಂದೂ ಮಾಡಿಲ್ಲ, ಆದರೆ ಗೊತ್ತು. ಕಿರೀಟ ಹೋಗುತ್ತದೆ, ನತ್ತು ಹೋಗುತ್ತದೆ, ಮೂಗಿನ ಉಬ್ಬು ಉಳಿಸಬಹುದು. ಚಿಗವ್ವನ ಕಣ್ಣೂ ಮಂಜಾಗಿದೆ, ತಿಳಿಯಲಾರದು ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಆಕೆ ಬೆರಳಿನಿಂದ ನೋಡುವವಳು ಎಂಬುದು ನೆನಪಾಗಿ ಕಾಗದ ಕೆಳಗಿಟ್ಟೆ.

ಮರುದಿನ ಬೆಳಗ್ಗೆ ಚಿಗವ್ವ ಹಿತ್ತಲಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಕೇರುತ್ತಿದ್ದಳು. ಸೊಸೆ ಹೊರಗೆ ಹೋಗಿದ್ದಳು. ನಾನು ಸರವನ್ನು ಆಕೆಯ ಮಡಿಲಲ್ಲಿಟ್ಟೆ. ಮಣಿಗಳನ್ನು ಮೊದಲು ನೋಡಿದಳು.

“ಭಾಳ ಚಲೋ ಕಟ್ಟೀದಿ. ಇವು ಏನಂತ ನಮ್ಮ ನಾದಿನಿಗೆ ಸತ್ರೂ ತಿಳಿಯೂದಿಲ್ಲ,” ಎಂದು ಖುಷಿಯಿಂದ ಹೇಳುತ್ತ ಕೈ ಕೆಳಗಿಳಿಸಿ ಬಿಲ್ಲೆ ಹಿಡಿದಳು. ಹೆಬ್ಬೆರಳು ಅದರ ಮೇಲೆ ಒಮ್ಮೆ ಹೋಯಿತು. ನಿಂತಿತು. ಮತ್ತೊಮ್ಮೆ ಹೋಯಿತು. ಆಮೇಲೆ ಬಿಲ್ಲೆಯನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದಳು.

“ಇಕಿ ಯಾರು?”

ನಡೆದದ್ದನ್ನೆಲ್ಲ ಹೇಳಿದೆ. ಆಕೆ ಜೋಳದಲ್ಲಿದ್ದ ಒಂದು ಹರಳನ್ನು ಆರಿಸಿ ಬದಿಗೆ ಹಾಕಿದಳು.

“ಪಾಪ, ಆ ಪತ್ತಾರಗ ಹ್ಯಾಂಗ ಗೊತ್ತಾಗಬೇಕು?”

“ನಾ ಅವರ ಮುಂದ ಒಂದು ಮಾತು ಹೇಳಿದ್ರ ಆಗತಿತ್ತು ಚಿಗವ್ವ.”

“ನಾನ ಹೇಳಬ್ಯಾಡ ಅಂದಿದ್ದೆ. ಖರೇ ಅಂದ್ರ, ನೀ ಹೇಳಿದ್ರ ನಾ ಬೈತಿದ್ದೆ.”

ಮತ್ತೆ ಹೆಬ್ಬೆರಳು ಬಿಲ್ಲೆಯ ಮೇಲೆ ಹೋಯಿತು. “ಹಾಕ್ಕೊಂಡ್ರ ಮತ್ತ ಸವೀತೈತೇನ ಇದು? ಎಷ್ಟು ವರ್ಷ ಬೇಕು?”

ನನ್ನ ಕೆಲಸದ ಪ್ರಶ್ನೆಯನ್ನು ಯಾರು ಕೇಳಿದರೂ ನಾನು ತಿಳಿದಷ್ಟನ್ನು ಸರಿಯಾಗಿ ಹೇಳುತ್ತೇನೆ. ಆಗಲೂ ಹಾಗೆಯೇ, ಅಚ್ಚಿನ ಆಳವನ್ನು ಲೆಕ್ಕ ಹಿಡಿದು, “ದಿನಾ ಮೈಮ್ಯಾಲೆ ಇದ್ರೂ ಮೂವತ್ತು ವರ್ಷರ ಬೇಕು,” ಎಂದೆ. ಅಂದ ಮೇಲೆಯೇ ಆಕೆಯ ವಯಸ್ಸು ನೆನಪಾದದ್ದು.

“ಮೂವತ್ತ,” ಎಂದಳು ಚಿಗವ್ವ, ಬಸ್ಸಿನ ದರ ಕೇಳಿ ತಿಳಿದುಕೊಂಡವಳ ಹಾಗೆ. ಆಮೇಲೆ ನಕ್ಕಳು. “ಅಷ್ಟ ದಿನ ಇದ್ರ ನಮ್ಮ ಸೊಸಿ ನನ್ನನ್ನ ಹೊಳಿಗೆ ಬಿಟ್ಟು ಬರ್ತಾಳ.”

ನಾನು ನಗಲಿಲ್ಲ. “ನಾ ಕೈಯಿಂದ ತಿಕ್ಕಿ ಸವಸಿ ಕೊಡತೇನಿ. ಮೊದಲಿನಂಗ ಆಗೂದಿಲ್ಲ, ಆದ್ರ ಕಣ್ಣು ಹೋಗತಾವು,” ಎಂದೆ.

“ಬ್ಯಾಡವ್ವ. ಕಣ್ಣು ಬಂದಾಕೀನ ಕುರುಡಿ ಮಾಡೂದು ಬ್ಯಾಡ.” ಬಿಲ್ಲೆಯನ್ನು ಕುಚ್ಚಿನಿಂದ ತಾನೇ ಬಿಡಿಸಿದಳು. “ದೇವರನ್ನ ಕುಪ್ಪಸದಾಗ ಇಟ್ಕೊಂಡು ಬಚ್ಚಲಕ್ಕ ಹೋಗಾಕ ಬರತೈತೇನ? ಜಗಲಿ ಮ್ಯಾಲೆ ಇಡ್ತೇನಿ. ಇಟಗಿ ಜಾತ್ರಿಗೆ ಹೋದವರು ಯಾರೋ ತಂದು ಕೊಟ್ರು ಅಂತ ಹೇಳಿದ್ರ ಆತು.”

ಸರವನ್ನು ನನಗೆ ಹಿಂದಿರುಗಿಸಿದಳು. ಬರಿಯ ಮಣಿ ತನಗೆ ಯಾಕೆ, ಒಳ್ಳೆಯದಾಗಿದೆ, ಪೇಟೆಯವರಿಗೆ ಮಾರು ಎಂದಳು. ಎರಡು ಪ್ರದರ್ಶನಗಳಿಗೆ ಅದನ್ನು ಒಯ್ದಿದ್ದೇನೆ. ಎರಡು ಸಲವೂ ಪೆಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲ. ಪತ್ತಾರರಲ್ಲಿಗೆ ಆಮೇಲೂ ಹೋಗಿದ್ದೇನೆ. “ಆ ದೇವಿ ಹ್ಯಾಂಗದಾಳ್ರಿ?” ಎಂದು ಅವರು ವಿಚಾರಿಸುತ್ತಾರೆ. ಆರಾಮ ಇದ್ದಾಳೆ ಎನ್ನುತ್ತೇನೆ. ಈಗ ಯಾರಾದರೂ ತಮ್ಮ ಮನೆಯ ಹಳೆಯದನ್ನು ತಂದರೆ, ಅದು ಯಾರದು, ಅದರಲ್ಲಿ ಏನಿದೆ ಎಂದು ಬಾಯಿಬಿಟ್ಟು ಕೇಳುತ್ತೇನೆ. ಅವರು ಹೇಳಲು ಒಪ್ಪದಿದ್ದರೆ ಕೆಲಸ ಹಿಡಿಯುವುದಿಲ್ಲ. ಇದರಿಂದ ಒಂದಿಬ್ಬರು ಬೇಸರ ಮಾಡಿಕೊಂಡು ಹೋದದ್ದೂ ಉಂಟು.

ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಲು ಚಿಗವ್ವನ ಮನೆಗೆ ಹೋದಾಗ ಜಗಲಿಯ ಮೇಲೆ ಬಿಲ್ಲೆಯನ್ನು ನೋಡಿದೆ. ಹಣೆಯ ತುಂಬ ಕುಂಕುಮ, ಮುಂದೆ ಒಂದು ಸೇವಂತಿಗೆ. ಚಿಗವ್ವನ ಮಗ ಅಂಗಡಿಗೆ ಹೊರಟವನು ಚಪ್ಪಲಿ ಮೆಟ್ಟುವ ಮೊದಲು ಅದರೆದುರು ನಿಂತು, ಕಣ್ಣು ಮುಚ್ಚಿ, ಕೈಮುಗಿದು ಹೋದ. ಅವನಿಗೆ ಅದು ಇಟಗಿಯಿಂದ ಬಂದ ದೇವಿ.

“ದಿನಾ ಮಾಡ್ತಾನ,” ಎಂದಳು ಚಿಗವ್ವ, ನನಗೆ ಮಾತ್ರ ಕೇಳುವಂತೆ. “ತಾಯಿಗೆ ಕೈಮುಗಿದಂಗಾತು. ಅದೊಂದು ಚಲೋ ಆತು ನೋಡು.”

“ಹೌದು ಚಿಗವ್ವ.”

ಅಷ್ಟರಲ್ಲಿ ಸೊಸೆ ಬಂದು ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಮುಂದೆ ಮಾಡಿ ಹೋದಳು. ಮೊಮ್ಮಗಳು ಬಂದು ಊದುಬತ್ತಿ ಸಿಕ್ಕಿಸಿದಳು. ಚಿಗವ್ವ ಗೋಡೆಗೆ ಒರಗಿ ಅವರು ಬಂದು ಹೋಗುವುದನ್ನು ನೋಡುತ್ತಿದ್ದಳು.

“ಎಲ್ಲಾರೂ ಆಕಿ ಮುಂದ ನಿಂತು ಏನರ ಬೇಡ್ಕೊಂತಾರ,” ಎಂದಳು. “ಸಾರಿಗೆ ಉಪ್ಪು ಹೆಚ್ಚಾತು ಅಂತ ನಾ ಈಗ ಹ್ಯಾಂಗ ಹೇಳ್ಲಿ?”